ಸಣ್ಣ ದ್ವೀಪ ದೇಶಗಳು ಜ್ಞಾನದಿಂದ ದುಡಿಯೋದು ಹೇಗೆ? ಲೆಕ್ಕ ಸಮೇತ ಬೇಕು

ಹಗರಿ ಹೊಳೆ (ಬಳ್ಳಾರಿ) ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಎಂ.ಎ. ಅರ್ಥಶಾಸ್ತ್ರದ ಸೆಮಿನಾರಿಗೆ "ಸಣ್ಣ ದ್ವೀಪ ರಾಷ್ಟ್ರಗಳಲ್ಲಿ ಜ್ಞಾನಾಧಾರಿತ ಆರ್ಥಿಕ ಅಭಿವೃದ್ಧಿ" ಅಂತ ವಿಷಯ ಬಂದಿದೆ. ಇಪ್ಪತ್ತು ನಿಮಿಷ ಮಾತಾಡಬೇಕು. ಓದಿದ್ದರಲ್ಲೆಲ್ಲ ಪ್ರವಾಸೋದ್ಯಮ, ಐಟಿ, ಮಾನವ ಸಂಪನ್ಮೂಲ ಅನ್ನೋ ಮೂರು ಪದ ಬಿಟ್ಟರೆ ಬೇರೇನಿಲ್ಲ. ಯಾವ ದೇಶ ಏನು ಮಾಡಿತು, ದುಡ್ಡು ಯಾವ ದಾರಿಯಲ್ಲಿ ಬಂತು, ಎಲ್ಲಿ ಕೈಕೊಟ್ಟಿತು ಅನ್ನೋದು ಬೇಕು. ಒಂದೇ ಸರಕನ್ನು ನಂಬಿದ ಊರಿನ ಕಥೆ ನಮ್ಮ ಕ್ಲಾಸಿಗೆ ಬಿಡಿಸಿ ಹೇಳಬೇಕಿಲ್ಲ. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಇಲ್ಲಿನ ಗಣಿ ನಿಲ್ಲಿಸಿದ್ದನ್ನು ಮನೆಯಲ್ಲಿ ಕೇಳಿಕೊಂಡೇ ಬೆಳೆದವರು ಎಲ್ಲ. ಹಾಗಾಗಿ ಆ ಕಡೆಯಿಂದ ಹೋಲಿಸಲು ಬರುವಂಥ ಉದಾಹರಣೆ ಇದ್ದರೆ ಇನ್ನೂ ಒಳ್ಳೆಯದು.

ಹತ್ತಿ ಅಡತ್ (ರಾಯಚೂರು) ಉತ್ತರ:

ಜ್ಞಾನಾಧಾರಿತ ಅಂದ ಕೂಡಲೇ ಗಾಜಿನ ಕಟ್ಟಡದ ಐಟಿ ಪಾರ್ಕ್ ನೆನಪಾಗುತ್ತೆ. ಮೊದಲು ಅದನ್ನು ತಲೆಯಿಂದ ತೆಗೆಯಿರಿ. ಟುವಾಲುವಿನ ಜನಸಂಖ್ಯೆ ಹತ್ತು-ಹನ್ನೊಂದು ಸಾವಿರ, ನಮ್ಮ ಕಡೆಯ ಒಂದು ದೊಡ್ಡ ಹಳ್ಳಿಯಷ್ಟು. ಅಲ್ಲಿ ಐಟಿ ಪಾರ್ಕಿಗೆ ಕೂರಲು ಆಳು ಎಲ್ಲಿಂದ ತರ್ತೀರಿ? ಇಂಥ ದೇಶಗಳು ಗೆದ್ದಿರುವುದು ತಮ್ಮಲ್ಲಿ ಇರುವುದನ್ನು ಅಳೆದು, ದಾಖಲೆ ಇಟ್ಟು, ದರ ಕಟ್ಟುವುದನ್ನು ಕಲಿತು. ಇದಕ್ಕೆ ಒಳ್ಳೆಯ ಉದಾಹರಣೆ ಟ್ಯೂನಾ ಮೀನು.

ಕಿರಿಬಾಟಿ ದೇಶದ ನೆಲ ಸುಮಾರು 811 ಚದರ ಕಿ.ಮೀ. ಆದರೆ ತೀರದಿಂದ 200 ನಾಟಿಕಲ್ ಮೈಲಿ ಲೆಕ್ಕದಲ್ಲಿ ಅದರ ಹಕ್ಕಿನ ಸಮುದ್ರ ಸುಮಾರು 35 ಲಕ್ಷ ಚದರ ಕಿ.ಮೀ., ಅಂದರೆ ಭಾರತದ ನೆಲಕ್ಕಿಂತ ದೊಡ್ಡದು. ಮೀನು ಅವರದು, ಹಡಗು ಮಾತ್ರ ಜಪಾನ್, ಕೊರಿಯಾ, ತೈವಾನ್, ಅಮೆರಿಕದವರದು. ಮೊದಲೆಲ್ಲ ಹಡಗಿನವರು ಒಂದೊಂದೇ ದೇಶದ ಹತ್ತಿರ ಹೋಗಿ "ಪಕ್ಕದವರು ಕಡಿಮೆಗೆ ಕೊಡ್ತಾರೆ" ಅಂತ ದರ ಇಳಿಸುತ್ತಿದ್ದರು. ಮಾರ್ಕೆಟ್ ಯಾರ್ಡಿನಲ್ಲಿ ಖರೀದಿದಾರರು ಮೊದಲೇ ಮಾತಾಡಿಕೊಂಡು ಬಂದರೆ ರೈತನಿಗೆ ಏನಾಗುತ್ತೋ ಅದೇ ಸ್ಥಿತಿ. 1982ರ ನೌರು ಒಪ್ಪಂದದಡಿ ಈಗ ಎಂಟು ದೇಶ ಒಟ್ಟಾಗಿವೆ (ಟುವಾಲು ಆಮೇಲೆ ಸೇರಿದ್ದು): ಮೈಕ್ರೊನೇಷ್ಯಾ, ಕಿರಿಬಾಟಿ, ಮಾರ್ಷಲ್ ದ್ವೀಪಗಳು, ನೌರು, ಪಲಾವು, ಪಪುವಾ ನ್ಯೂಗಿನಿ, ಸಾಲೊಮನ್, ಟುವಾಲು. 2007ರಿಂದ ಇವರು ಮೀನಿನ ಟನ್ ಮಾರುವುದಿಲ್ಲ, ಹಡಗಿನ 'ದಿನ' ಮಾರುತ್ತಾರೆ.

ಮೀನಿನ ಸಂತತಿ ಎಷ್ಟಿದೆ ಅಂತ ನೂಮಿಯಾದಲ್ಲಿರುವ ಪೆಸಿಫಿಕ್ ಸಮುದಾಯದ ವಿಜ್ಞಾನಿಗಳು ಲೆಕ್ಕ ಹಾಕಿ ಕೊಡುತ್ತಾರೆ. ಅದನ್ನು ನೋಡಿ ವರ್ಷಕ್ಕೆ ಒಟ್ಟು ಇಷ್ಟೇ ದಿನ ಅಂತ ಮಿತಿ ಹಾಕಿ ದೇಶಗಳೊಳಗೆ ಹಂಚಿಕೊಳ್ಳುತ್ತಾರೆ. ಕನಿಷ್ಠ ದರ ಮೊದಲು ದಿನಕ್ಕೆ 5,000 ಡಾಲರ್ ಇತ್ತು, ಆಮೇಲೆ 8,000 ಆಯಿತು. ಹಡಗು 50 ಮೀಟರಿಗಿಂತ ಚಿಕ್ಕದಾದರೆ ಅರ್ಧ ದಿನದ ಲೆಕ್ಕ, 50ರಿಂದ 80 ಮೀಟರಿನದಾದರೆ ಒಂದು ದಿನ, ಅದಕ್ಕೂ ದೊಡ್ಡದಾದರೆ ಒಂದೂವರೆ. 60 ಮೀಟರಿನ ಹಡಗು 200 ದಿನ ಬಲೆ ಹಾಕಿದರೆ 16 ಲಕ್ಷ ಡಾಲರ್. 85 ಮೀಟರಿನದು ಅಷ್ಟೇ ದಿನ ನಿಂತರೆ 24 ಲಕ್ಷ. 2010ರ ಸುಮಾರಿಗೆ ವರ್ಷಕ್ಕೆ 6 ಕೋಟಿ ಡಾಲರ್ ಬರುತ್ತಿದ್ದ ಎಂಟೂ ದೇಶಗಳ ಒಟ್ಟು ಆದಾಯ ಮುಂದಿನ ದಶಕದೊಳಗೆ 50 ಕೋಟಿ ಡಾಲರಿನ ಹತ್ತಿರ ಹೋಯಿತು. ಮೀನು ಹೆಚ್ಚಾಗಲಿಲ್ಲ, ಲೆಕ್ಕ ಇಡುವ ರೀತಿ ಬದಲಾಯಿತು.

ಇನ್ನು ತಪ್ಪುವುದು ಎಲ್ಲಿ ಅನ್ನೋದು. ಒಂದು, "ಆ ದಿನ ಎಂಜಿನ್ ಕೆಟ್ಟಿತ್ತು, ಬಲೆ ಹಾಕಲಿಲ್ಲ" ಅಂತ ಹೇಳಿ ದಿನ ಉಳಿಸಿಕೊಳ್ಳುವುದು. ಇದಕ್ಕೇ ಪ್ರತಿ ಹಡಗಿನಲ್ಲಿ ಉಪಗ್ರಹಕ್ಕೆ ಸ್ಥಾನ ತಿಳಿಸುವ ಟ್ರಾನ್ಸ್‌ಪಾಂಡರ್ ಇರುತ್ತೆ. ಹೊನಿಯಾರಾದ ಮೀನುಗಾರಿಕಾ ಏಜೆನ್ಸಿಯಲ್ಲಿ ಕೂತವರಿಗೆ ಹಡಗು ಸುಮ್ಮನೆ ಸಾಗುತ್ತಿದೆಯೋ ಬಲೆ ಸುತ್ತುತ್ತಿದೆಯೋ ಅದರ ವೇಗದಿಂದಲೇ ಗೊತ್ತಾಗುತ್ತೆ. 2010ರಿಂದ ದೊಡ್ಡ ಸುತ್ತುಬಲೆ ಹಡಗುಗಳಲ್ಲಿ ಒಬ್ಬ ವೀಕ್ಷಕ ಕಡ್ಡಾಯ. ಕೊರೋನಾ ಕಾಲದಲ್ಲಿ ವೀಕ್ಷಕರನ್ನು ಹತ್ತಿಸಲಾಗಲಿಲ್ಲ, ಆ ಅವಧಿಯ ದತ್ತಾಂಶ ತೆಳ್ಳಗಾಯಿತು. ಎರಡು, ಕೆಳಗೆ ಮೀನು ಎಷ್ಟಿದೆ ಅಂತ ಶಬ್ದದಿಂದ ಅಳೆಯುವ ಸೋನಾರ್ ಕಟ್ಟಿದ ತೇಲುಬುರುಡೆ ಬಂದ ಮೇಲೆ ಅದೇ ಒಂದು ದಿನದಲ್ಲಿ ಹಿಡಿಯುವ ಮೀನು ಜಾಸ್ತಿಯಾಯಿತು. ದಿನದ ಮಿತಿ ಹಾಗೇ ಇಟ್ಟರೂ ಸಮುದ್ರದ ಮೇಲಿನ ಹೊರೆ ಏರುತ್ತಲೇ ಇರುತ್ತೆ. ಮೂರು, ಎಲ್ ನಿನೋ ವರ್ಷ, ಅಂದರೆ ಪೆಸಿಫಿಕ್ ನೀರು ಬಿಸಿಯೇರುವ ವರ್ಷ, ಮೀನು ಪೂರ್ವಕ್ಕೆ ಸರಿಯುತ್ತೆ. ಕಿರಿಬಾಟಿಗೆ ಹಬ್ಬ, ಪಪುವಾ ನ್ಯೂಗಿನಿಗೆ ಬರ. ದಿನಗಳನ್ನು ಪರಸ್ಪರ ಮಾರಿಕೊಳ್ಳಲು ಅವಕಾಶ ಇಟ್ಟಿರುವುದು ಅದಕ್ಕೇ.

ನಿಮ್ಮ ಹೋಲಿಕೆಗೂ ಇದೇ ಸರಿ. 2011ರ ನಂತರ ಬಳ್ಳಾರಿ ಅದಿರು ಉಸ್ತುವಾರಿ ಸಮಿತಿಯ ಮೂಲಕ ಇ-ಹರಾಜಿಗೆ ಬಂತು. ಪರ್ಮಿಟ್, ವೇಬ್ರಿಡ್ಜ್ ಚೀಟಿ, ಹರಾಜಿನ ದರ ಈ ಮೂರೂ ಒಂದಕ್ಕೊಂದು ತಾಳೆಯಾದಾಗಲೇ ಸರ್ಕಾರಕ್ಕೆ ದುಡ್ಡು ಕಾಣಿಸಿದ್ದು. ಟ್ರಾನ್ಸ್‌ಪಾಂಡರ್ ಅಂದರೆ ಸಮುದ್ರದ ವೇಬ್ರಿಡ್ಜ್ ಅಂತ ಹೇಳಿ, ಕ್ಲಾಸಿಗೆ ಒಂದೇ ಮಾತಲ್ಲಿ ತಿಳಿಯುತ್ತೆ.

ನೀಲಿ ಡೆನಿಮ್ (ಬಳ್ಳಾರಿ) ಉತ್ತರ:

ಮೇಲಿನದು ಜನ ಕಡಿಮೆ, ಸಮುದ್ರ ಜಾಸ್ತಿ ಇರುವ ದೇಶಕ್ಕೆ. ಸ್ವಲ್ಪ ಜನಬಲ ಇದ್ದರೆ ಮಾರಿಷಸ್ ನೋಡಬೇಕು, 12 ಲಕ್ಷ ಚಿಲ್ಲರೆ ಜನ. 1968ರಲ್ಲಿ ಸ್ವಾತಂತ್ರ್ಯ ಬಂದಾಗ ಕಬ್ಬು ಬಿಟ್ಟರೆ ಏನೂ ಇರಲಿಲ್ಲ.

1970ರಲ್ಲಿ ರಫ್ತು ಸಂಸ್ಕರಣಾ ವಲಯದ ಕಾನೂನು ತಂದರು. ಇಲ್ಲಿ ಎಲ್ಲರೂ ಎಡವುವ ಒಂದು ವಿಷಯ ಇದೆ. 'ವಲಯ' ಅಂದರೆ ಕಾಂಪೌಂಡ್ ಹಾಕಿದ ಜಾಗ ಅಲ್ಲ, ಅದೊಂದು ಪರವಾನಗಿ. ಫ್ಯಾಕ್ಟರಿ ದ್ವೀಪದ ಯಾವ ಮೂಲೆಯಲ್ಲಿದ್ದರೂ ಆ ದರ್ಜೆ ಸಿಗುತ್ತಿತ್ತು. ಹಾಗಾಗಿ ಕೆಲಸಗಾರ್ತಿಯರು ಊರು ಬಿಡಬೇಕಾಗಲಿಲ್ಲ, ಹೊಲಿಗೆ ಘಟಕವೇ ಹಳ್ಳಿಗೆ ಬಂತು. ಬಂಡವಾಳ ಎರಡು ಕಡೆಯಿಂದ ಬಂತು. 1975ರ ಲೊಮೆ ಒಪ್ಪಂದದ ಸಕ್ಕರೆ ಕರಾರಿನಿಂದ ಯುರೋಪ್, ಜಗತ್ತಿನ ಮಾರುಕಟ್ಟೆಗಿಂತ ಹೆಚ್ಚಿನ ಬೆಲೆ ಕೊಡುತ್ತಿತ್ತು, ಆ ಲಾಭವನ್ನು ಕಬ್ಬಿನ ಮಾಲೀಕರೇ ಜವಳಿಗೆ ಹಾಕಿದರು. ಇನ್ನೊಂದು ಕಡೆ, ತಮ್ಮ ಜವಳಿ ಕೋಟಾ (ಒಂದೊಂದು ದೇಶದಿಂದ ಇಷ್ಟೇ ಬಟ್ಟೆ ಅಂತ ಕೊಳ್ಳುವ ದೇಶಗಳು ಹಾಕಿದ್ದ ಮಿತಿ) ತುಂಬಿಹೋಗಿದ್ದ ಹಾಂಗ್‌ಕಾಂಗ್ ಕಂಪನಿಗಳು ಮಾರಿಷಸ್ಸಿನ ಕೋಟಾ ಹುಡುಕಿಕೊಂಡು ಬಂದವು. 1977ರಿಂದ ಪ್ರೌಢಶಿಕ್ಷಣ ಉಚಿತ. ಅದರ ಫಲ ಕಾಣಲು ಹದಿನೈದು ವರ್ಷ ಹಿಡಿಯಿತು.

ಆಮೇಲೆ ಎರಡು ಪೆಟ್ಟು ಒಟ್ಟಿಗೇ ಬಿದ್ದವು. 2005ರ ಜನವರಿ 1ಕ್ಕೆ ಜವಳಿ ಕೋಟಾ ವ್ಯವಸ್ಥೆ ಮುಗಿದು ಚೀನಾದ ಮಾಲು ನುಗ್ಗಿತು. ಅದರ ಬೆನ್ನಿಗೇ ಯುರೋಪ್ ಸಕ್ಕರೆ ಬೆಲೆಯನ್ನು ಹಂತಹಂತವಾಗಿ ಶೇ. 36ರಷ್ಟು ಇಳಿಸಿತು. ಜವಳಿಯಲ್ಲಿ ಬರೀ ಹೊಲಿಗೆ ನಂಬಿದ್ದವರು ಮುಚ್ಚಿದರು. ನೂಲು, ಬಣ್ಣ, ವಿನ್ಯಾಸ, ಸಣ್ಣ ಆರ್ಡರನ್ನು ಬೇಗ ಮುಗಿಸುವ ಚಾಲಾಕಿ, ಇಷ್ಟನ್ನೂ ಒಂದೇ ಕಡೆ ಮಾಡಿಕೊಂಡವರು ಉಳಿದರು. ನೂಲಿನ ಗಿರಣಿ ಯಾಕೆ ಹಾಕಿದರು ಅನ್ನುವುದರಲ್ಲೂ ಪಾಠ ಇದೆ. ಆಫ್ರಿಕಾದ ಮಾಲಿಗೆ ಅಮೆರಿಕ 2000ದಲ್ಲಿ ಕೊಟ್ಟ ಸುಂಕ ರಿಯಾಯಿತಿಯಲ್ಲಿ ಬಡ ದೇಶಗಳು ಎಲ್ಲಿಯ ಬಟ್ಟೆಯನ್ನಾದರೂ ತಂದು ಹೊಲಿಯಬಹುದಿತ್ತು. ಮಾರಿಷಸ್ ಅಷ್ಟು ಬಡ ದೇಶ ಅಲ್ಲದ್ದರಿಂದ ಸಾಮಾನ್ಯವಾಗಿ ನೂಲೂ ಆಫ್ರಿಕಾದ್ದೋ ಅಮೆರಿಕದ್ದೋ ಆಗಿರಬೇಕಿತ್ತು. ಅಡ್ಡಿ ಅಂತ ಕಂಡ ನಿಯಮವೇ ಅವರನ್ನು ಮೇಲಿನ ಮೆಟ್ಟಿಲಿಗೆ ದೂಡಿತು. ನಮ್ಮ ಜೀನ್ಸಿನವರು ಇದನ್ನೊಮ್ಮೆ ಓದಬೇಕು. ಬಟ್ಟೆ ಹೊರಗಿನದು, ವಾಶಿಂಗ್ ನೀರಿಗೆ ಜಗಳ, ಕೈಯಲ್ಲಿ ಉಳಿಯೋದು ಪ್ಯಾಂಟಿಗಿಷ್ಟು ಅನ್ನೋ ಹೊಲಿಗೆ ಕೂಲಿ ಅಷ್ಟೇ.

ಸಕ್ಕರೆಯ ಕಡೆ ನೋಡಿದರೆ ಸಣ್ಣ ಗಿರಣಿಗಳನ್ನು ಮುಚ್ಚಿ ಬೆರಳೆಣಿಕೆಯಷ್ಟು ದೊಡ್ಡವು ಉಳಿಸಿಕೊಂಡರು. ಕಚ್ಚಾ ಸಕ್ಕರೆ ಬಿಟ್ಟು ಡೆಮೆರಾರಾ, ಮಸ್ಕೊವಾಡೊ ಥರದ ವಿಶೇಷ ಸಕ್ಕರೆಗೆ ಇಳಿದರು. ನಿಜವಾದ ಜಾಣತನ ಬಗಾಸಿನಲ್ಲಿ, ಅಂದರೆ ಕಬ್ಬಿನ ಸಿಪ್ಪೆಯಲ್ಲಿದೆ. ಒಂದು ಟನ್ ಕಬ್ಬು ಅರೆದರೆ ಸುಮಾರು 300 ಕೆ.ಜಿ. ಸಿಪ್ಪೆ ಬರುತ್ತೆ, ಅದರಲ್ಲಿ ಅರ್ಧ ನೀರು. ಅದನ್ನು ಹಳೆಯ 20 ಬಾರ್ ಒತ್ತಡದ ಬಾಯ್ಲರಿನಲ್ಲಿ ಸುಟ್ಟರೆ ಗಿರಣಿಯ ಖರ್ಚು ಕಳೆದು ಟನ್ ಕಬ್ಬಿಗೆ 20-30 ಯೂನಿಟ್ ಕರೆಂಟ್ ಮಾರಬಹುದು. 82 ಬಾರಿನದು ಹಾಕಿ, ಗಿರಣಿಯೊಳಗಿನ ಹಬೆ ಬಳಕೆ ಇಳಿಸಿದರೆ ಅದೇ ಟನ್ನಿಗೆ 100 ಯೂನಿಟ್ ದಾಟುತ್ತೆ. ಬರೀ ಬಾಯ್ಲರ್ ಬದಲಿಸಿ ಹಬೆ ಸೋರಿಕೆ ಹಾಗೇ ಬಿಟ್ಟರೆ ಈ ಅಂಕಿ ಬರೋದಿಲ್ಲ. ಕಬ್ಬು ನುರಿಯದ ತಿಂಗಳುಗಳಲ್ಲಿ ಅದೇ ಬಾಯ್ಲರಿಗೆ ಕಲ್ಲಿದ್ದಲು ಹಾಕುತ್ತಾರೆ, ಹಾಗಾಗಿ ಪೂರ್ತಿ ಹಸಿರು ಅಂತ ಸ್ಲೈಡಿನಲ್ಲಿ ಬರೆಯಬೇಡಿ. ಸಿಪ್ಪೆಯ ದುಡ್ಡಿನಲ್ಲಿ ಸಣ್ಣ ಬೆಳೆಗಾರನಿಗೆಷ್ಟು ಅನ್ನೋ ತಕರಾರು ಅಲ್ಲೂ ಇದೆ. ಇದರ ಹಿಂದೆ 1953ರಲ್ಲೇ ಹುಟ್ಟಿದ ಕಬ್ಬಿನ ಸಂಶೋಧನಾ ಸಂಸ್ಥೆ ಇದೆ ಅನ್ನೋದು ಮುಖ್ಯ. ಐಟಿ ಬರೋದಕ್ಕೆ ಐವತ್ತು ವರ್ಷ ಮೊದಲೇ ಜ್ಞಾನದ ಮೇಲೆ ದುಡ್ಡು ಹಾಕಿದ್ದರು.

ಮಾರಿಷಸ್ಸಿನ ಐಟಿ ನಗರ ಎಬೆನ್ ಸೈಬರ್ ಸಿಟಿ ಬಗ್ಗೆ ಎಲ್ಲರೂ ಬರೆಯುತ್ತಾರೆ, ಎರಡು ಸಾಲು ಸಾಕು. ಭಾರತದ 10 ಕೋಟಿ ಡಾಲರ್ ಸಾಲದ ನೆರವಿನಿಂದ ಎದ್ದಿತು, 2002ರ ಸಮುದ್ರದಡಿಯ ಕೇಬಲ್ ಇಲ್ಲದಿದ್ದರೆ ಖಾಲಿ ಕಟ್ಟಡ ಆಗುತ್ತಿತ್ತು. ಇಂಗ್ಲಿಷ್, ಫ್ರೆಂಚ್ ಎರಡೂ ಬಲ್ಲ ಹುಡುಗರು ಇದ್ದದ್ದರಿಂದ ಫ್ರಾನ್ಸಿನ ಕಾಲ್ ಸೆಂಟರ್ ಕೆಲಸ ಬಂತು.

ಒಂದು ಎಚ್ಚರಿಕೆ. ವಕೀಲರು, ಲೆಕ್ಕಿಗರನ್ನು ನಂಬಿ ಕಟ್ಟಿದ ಹಣಕಾಸು ಕೇಂದ್ರವೂ ಜ್ಞಾನಾಧಾರಿತವೇ. ಆದರೆ ಅದರ ಕೀಲಿ ಬೇರೆಯವರ ಕೈಯಲ್ಲಿತ್ತು. 1983ರ ತೆರಿಗೆ ಒಪ್ಪಂದದಿಂದ ಭಾರತಕ್ಕೆ ಬರುವ ಹೂಡಿಕೆಯ ದೊಡ್ಡ ಪಾಲು ಮಾರಿಷಸ್ ದಾರಿಯಲ್ಲೇ ಬರುತ್ತಿತ್ತು. 2016ರಲ್ಲಿ ದೆಹಲಿ ಒಪ್ಪಂದ ತಿದ್ದಿತು. 2017ರ ಏಪ್ರಿಲ್ 1ರಿಂದ ಮುಂದೆ ಕೊಂಡ ಷೇರು ಮಾರಿ ಬಂದ ಲಾಭಕ್ಕೆ ಭಾರತದಲ್ಲೇ ತೆರಿಗೆ ಅಂತಾಯಿತು, ಮೊದಲ ಎರಡು ವರ್ಷ ಅರ್ಧ ದರ. ಒಂದು ಸಹಿಗೆ ಅಲ್ಲಿನ ವ್ಯವಹಾರದ ಬುಡವೇ ಅಲ್ಲಾಡಿತು.

ಹಗರಿ ಹೊಳೆ:

ಇಬ್ಬರಿಗೂ ಧನ್ಯವಾದ. ಅರ್ಧ ಸೆಮಿನಾರ್ ಇಲ್ಲೇ ಆಯಿತು. ಇಂಟರ್ನೆಟ್ ಡೊಮೇನ್ ಹೆಸರು ಮಾರಿ ದುಡ್ಡು ಮಾಡಿದರು ಅಂತಾರಲ್ಲ, ಅದು ತಂತ್ರವೋ ಲಾಟರಿಯೋ? ಗಣಿ ದುಡ್ಡು ಉಳಿಸಿಟ್ಟ ದ್ವೀಪ ಯಾವುದಾದರೂ ಇದೆಯಾ?

ಕಿನ್ನಾಳ ಗೊಂಬಿ (ಕೊಪ್ಪಳ) ಉತ್ತರ:

ಡೊಮೇನ್ ಹೆಸರು ಸಿಕ್ಕದ್ದು ಲಾಟರೀನ ರೀ, ಅದ್ರಾಗ ಎರಡು ಮಾತಿಲ್ಲ. ಆದ್ರ ಲಾಟರಿ ಹೊಡದ ಮ್ಯಾಲ ಚೀಟಿ ಯಾರ ಕೈಯಾಗ ಕೊಟ್ರು ಅನ್ನೂದು ತಂತ್ರ. ಟುವಾಲುಗೆ ಡಾಟ್ ಟಿವಿ, ಅಂಗುಯಿಲಾಗೆ ಡಾಟ್ ಎಐ. ವೆಬ್ ವಿಳಾಸದ ಕೊನೀಗೆ ಬರೂ ದೇಶದ ಹೆಸರಿನ ಎರಡಕ್ಷರ ಅಷ್ಟ. ಅಂಗುಯಿಲಾ ಸ್ವತಂತ್ರ ದೇಶ ಅಲ್ರೀ, ಬ್ರಿಟನ್ನಿನ ಅಧೀನ ಪ್ರದೇಶ. ಸೆಮಿನಾರಿನಾಗ ರಾಷ್ಟ್ರ ಅಂದ್ರ ಯಾರರ ಎದ್ದು ನಿಂದ್ರತಾರ, ಹುಷಾರ್.

ಟುವಾಲು 2000ದ ಸುಮಾರಿಗೆ 12 ವರ್ಷಕ್ಕ 5 ಕೋಟಿ ಡಾಲರ್ ಅಂತ ಗುತ್ತಿಗಿ ಕೊಟ್ತು. ಆ ರೊಕ್ಕದಾಗ ಅದೇ ವರ್ಷ ವಿಶ್ವಸಂಸ್ಥೆ ಸದಸ್ಯ ಆತು, ಬೀದಿ ದೀಪ, ರಸ್ತೆ ಮಾಡ್ಕೊಂತು. ಆದ್ರ ಗುತ್ತಿಗಿ ಮೊತ್ತ ಕಟ್ಟಿಟ್ಟದ್ದು. ವಿಡಿಯೊ ವೆಬ್‌ಸೈಟುಗಳು ಆ ಹೆಸರು ಹಿಡದು ದೊಡ್ಡವಾದ್ರೂ ಟುವಾಲುಗೆ ಬರೂದು ಅದಕ್ಕ ತಕ್ಕಂಗ ಏರಲಿಲ್ಲ. ಮಾವಿನ ತೋಪು ಹೂ ಬಿಡೂಕಿಂತ ಮೊದ್ಲ ಗುತ್ತಿಗಿ ಕೊಟ್ಟಂಗ ಆತು. ಮುಂದ ಹೊಸ ಗುತ್ತಿಗಿಯೊಳಗ ವರ್ಷಕ್ಕ 1 ಕೋಟಿ ಡಾಲರಿಗೆ ತಂದ್ರು.

ಅಂಗುಯಿಲಾ ಹಂಗ ಮಾಡ್ಲಿಲ್ಲ. ನೋಂದಣಿ ಹಕ್ಕು ಸರ್ಕಾರದ ಕೈಯಾಗ ಇಟ್ಕೊಂಡು ಹೆಸರಿಗೆ ಇಷ್ಟು ಅಂತ ತಗೊಂತು. ಎರಡು ವರ್ಷಕ್ಕಿಂತ ಕಡಿಮಿ ಕೊಡೂದಿಲ್ಲ, 2023ರಾಗ ಎರಡು ವರ್ಷಕ್ಕ 140 ಡಾಲರ್ ಇತ್ತು. 2022ರ ಕೊನೀಗೆ ಕೃತಕ ಬುದ್ಧಿಮತ್ತೆ ಗದ್ದಲ ಎದ್ದ ಮ್ಯಾಲ 2023ರಾಗ 3.2 ಕೋಟಿ ಡಾಲರ್ ಬಂತು, ಸರ್ಕಾರದ ಆದಾಯದಾಗ ಸುಮಾರು ಐದನೇ ಒಂದು ಪಾಲು. ಜನ 16 ಸಾವಿರದ ಆಸುಪಾಸು. ತಲೀಗೆ 2,000 ಡಾಲರ್ ಆತು ನೋಡ್ರಿ.

ಕೆಡೂದು ಎಲ್ಲಿ ಅಂದ್ರ, ಎರಡು ವರ್ಷದ ಹೆಸರು ನವೀಕರಣ ಆಗ್ತಾವೊ ಇಲ್ಲೊ ಅನ್ನೂದು. ಹೊಸಾ ನೋಂದಣಿ ರೊಕ್ಕ ನೋಡಿ ಕಾಯಂ ನೌಕರಿ ತುಂಬಿದ್ರ, ನವೀಕರಣ ಬಿದ್ದ ವರ್ಷ ಪಗಾರಕ್ಕ ಸಾಲ. ಇನ್ನೊಂದು, 2017ರ ಇರ್ಮಾ ಚಂಡಮಾರುತ ಅಂಗುಯಿಲಾನ ನೆಲಕ್ಕ ಹಾಕಿತ್ತು. ಹೆಸರಿನ ದಾಖಲಾತಿ ಸರ್ವರ್ ದ್ವೀಪದಾಗ ಒಂದೇ ಕಡೆ ಇಟ್ರ ಕರೆಂಟ್ ಹೋದ ದಿನ ದುಕಾನ ಬಂದ್. ನಕಲು ಹೊರಗ ನಾಕು ಕಡೆ ಇರಬೇಕು.

ಎಡದಂಡೆ ಕಾಲುವೆ (ಸಿಂಧನೂರು) ಉತ್ತರ:

ಗಣಿ ದುಡ್ಡಿನ ಪ್ರಶ್ನೆಗೆ ಎರಡು ಉದಾಹರಣೆ ಜೋಡಿಸಿಟ್ಟು ಹೇಳಿ. ನೌರು ಕೆಟ್ಟದ್ದು, ಟುವಾಲು ಒಳ್ಳೆಯದು. ಟುವಾಲುವಿನದು ಗಣಿ ದುಡ್ಡಲ್ಲ, ಉಳಿಸಿಡುವ ರೀತಿ ಮಾತ್ರ ನೋಡಿ. ನೌರು 21 ಚದರ ಕಿ.ಮೀ. ದ್ವೀಪ, ಫಾಸ್ಫೇಟ್ ಗಣಿ. 1968ರಲ್ಲಿ ಸ್ವಾತಂತ್ರ್ಯ, 1970ರಲ್ಲಿ ಗಣಿ ಸ್ವಂತಕ್ಕೆ ಬಂತು. ರಾಯಧನ ಹಾಕಲು ಟ್ರಸ್ಟ್ ಇತ್ತು. ಆದರೆ ಆ ಟ್ರಸ್ಟಿನ ಹಣ ವಿದೇಶಿ ಕಟ್ಟಡ, ಹೋಟೆಲುಗಳಿಗೆ ಹೋಯಿತು, ಸರ್ಕಾರ ಸಾಲ ಮಾಡಿತು, ವಿಮಾನ ಸಂಸ್ಥೆಯ ನಷ್ಟ ಬೇರೆ. ತೆಗೆಯುವ ಕೈಗೆ ಕಡಿವಾಣ ಇರಲಿಲ್ಲ. ಮೆಲ್ಬರ್ನಿನಲ್ಲಿದ್ದ 52 ಮಹಡಿಯ ನೌರು ಹೌಸ್ 2004ರಲ್ಲಿ ಸಾಲಕ್ಕೆ ಮಾರಾಟವಾಯಿತು.

ಟುವಾಲು ಟ್ರಸ್ಟ್ ಫಂಡ್ 1987ರಲ್ಲಿ ಸುಮಾರು 2.7 ಕೋಟಿ ಆಸ್ಟ್ರೇಲಿಯನ್ ಡಾಲರಿನಿಂದ ಶುರು. ಬ್ರಿಟನ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಪಾಲು ಹಾಕಿದವು, ಆಡಳಿತ ಮಂಡಳಿಯಲ್ಲಿ ಹಣ ಕೊಟ್ಟವರೂ ಕೂರುತ್ತಾರೆ. ಎರಡು ಖಾತೆ. ಎ ಖಾತೆ ಅಣೆಕಟ್ಟು ಅಂದುಕೊಳ್ಳಿ, ಅದರ ಗೇಟು ಸರ್ಕಾರ ಎತ್ತುವಂತಿಲ್ಲ. ಬಿ ಖಾತೆ ಕಾಲುವೆಯ ಪಕ್ಕದ ಕೆರೆ. ಎ ಖಾತೆಯ ಮೂಲಧನವನ್ನು ಪ್ರತಿವರ್ಷ ಆಸ್ಟ್ರೇಲಿಯಾದ ಬೆಲೆಯೇರಿಕೆಯಷ್ಟು ಏರಿಸಿ ಲೆಕ್ಕ ಹಿಡಿಯುತ್ತಾರೆ. ಮಾರುಕಟ್ಟೆ ಬೆಲೆ ಅದಕ್ಕಿಂತ ಮೇಲಿದ್ದರೆ ಮೇಲಿನದಷ್ಟೇ ಬಿ ಖಾತೆಗೆ. ಉದಾಹರಣೆಗೆ ಮೂಲ 10 ಕೋಟಿ, ಬೆಲೆಯೇರಿಕೆ ಶೇ. 3 ಅಂದರೆ ಗೆರೆ 10.3 ಕೋಟಿ. ಹೂಡಿಕೆಯ ಬೆಲೆ 10.8 ಕೋಟಿ ಇದ್ದರೆ 50 ಲಕ್ಷ ಕೆರೆಗೆ ಹರಿಯುತ್ತೆ. 10.2 ಇದ್ದರೆ ಆ ವರ್ಷ ಒಂದು ಹನಿಯೂ ಇಲ್ಲ, ಹಿಂದಿನ ವರ್ಷ ಕೆರೆಯಲ್ಲಿ ಉಳಿಸಿದ್ದರಲ್ಲೇ ಬಜೆಟ್ ನಡೆಸಬೇಕು. ಕೆರೆಯನ್ನು ಒಂದೇ ವರ್ಷದಲ್ಲಿ ಬಸಿದುಬಿಡುವ ಸರ್ಕಾರ ಬಂದರೆ ಇದೂ ತೊಂದರೆಗೆ ಬೀಳುತ್ತೆ.

ಇಲ್ಲಿ ನಿಮಗೆ ಖಂಡಿತ ಒಂದು ಪ್ರಶ್ನೆ ಬರುತ್ತೆ: ನಮ್ಮ ಜಿಲ್ಲಾ ಖನಿಜ ಪ್ರತಿಷ್ಠಾನ ಹೀಗೇ ಅಲ್ಲವಾ? ಅಲ್ಲ. 2015ರ ಜನವರಿ 12ಕ್ಕಿಂತ ಹಿಂದಿನ ಗುತ್ತಿಗೆಗಳಿಂದ ರಾಯಧನದ ಶೇ. 30, ಹರಾಜಿನಲ್ಲಿ ಬಂದ ಗುತ್ತಿಗೆಗಳಿಂದ ಶೇ. 10 ಅದಕ್ಕೆ ಸೇರುತ್ತೆ. ಆದರೆ ಅದು ಮುಖ್ಯವಾಗಿ ಗಣಿ ಬಾಧಿತ ಊರುಗಳಿಗೆ ಈಗ ಖರ್ಚು ಮಾಡುವ ನಿಧಿ. ಟುವಾಲುವಿನಂತೆ ಮುಂದಿನ ತಲೆಮಾರಿಗೆ ಅಂತ ಪೂರ್ತಿ ಮೂಲಧನ ಬೀಗ ಹಾಕಿ ಇಡುವ ನಿಧಿ ಅದಲ್ಲ. ಇದನ್ನು ನೀವೇ ಮೊದಲು ಹೇಳಿಬಿಟ್ಟರೆ ಪ್ರಶ್ನೆ ಕೇಳುವವರಿಗೆ ಕೆಲಸ ಇರೋಲ್ಲ.

ಇನ್ನೊಂದು ಅಂಶ ಯಾರೂ ಹೇಳಲಿಲ್ಲ. ಸಣ್ಣ ದೇಶಕ್ಕೆ ಪ್ರತಿಯೊಂದಕ್ಕೂ ಪರಿಣತರನ್ನು ಇಡಲು ಆಗೋದಿಲ್ಲ, ಆದ್ದರಿಂದ ಒಬ್ಬರಿಗೊಬ್ಬರು ಹಂಚಿಕೊಳ್ಳುತ್ತಾರೆ. 1968ರ ದಕ್ಷಿಣ ಪೆಸಿಫಿಕ್ ವಿಶ್ವವಿದ್ಯಾಲಯ 12 ದ್ವೀಪ ಪ್ರದೇಶಗಳದ್ದು, ಮುಖ್ಯ ಕ್ಯಾಂಪಸ್ ಫಿಜಿಯ ಸುವಾದಲ್ಲಿ, ದೂರದ ದ್ವೀಪಕ್ಕೆ ಉಪಗ್ರಹದ ಮೂಲಕ ಪಾಠ. ಪೂರ್ವ ಕೆರಿಬಿಯನ್ ದ್ವೀಪಗಳಿಗೆ ನಾಣ್ಯ ಒಂದೇ, 1983ರಿಂದ ಕೇಂದ್ರ ಬ್ಯಾಂಕೂ ಒಂದೇ. ಔಷಧಿಯನ್ನೂ ಒಟ್ಟಿಗೇ ಟೆಂಡರ್ ಕರೆದು ಕೊಳ್ಳುತ್ತಾರೆ. ಟೆಂಡರ್ ಗೆದ್ದ ಕಂಪನಿಯಿಂದಲೇ ಎಲ್ಲ ದ್ವೀಪಗಳೂ ಕೊಳ್ಳಬೇಕು. ಒಬ್ಬರು ಹೊರಗಿನಿಂದ ತಂದರೆ ಮುಂದಿನ ಸಲ ದರ ಇಳಿಯುವುದಿಲ್ಲ.

ಕಲಿತವರು ಉಳಿಯುತ್ತಾರೆ ಅಂತ ಮಾತ್ರ ನಂಬಿಕೊಂಡು ಲೆಕ್ಕ ಹಾಕಬೇಡಿ. 2000ದ ಸುಮಾರಿಗೆ ಜಮೈಕಾದ ಪದವೀಧರರಲ್ಲಿ ನೂರಕ್ಕೆ 80ಕ್ಕೂ ಹೆಚ್ಚು ಜನ ಹೊರದೇಶದಲ್ಲಿದ್ದರು. ಸಂಪರ್ಕದ ಕಥೆಯೂ ಅಷ್ಟೇ. 2022ರ ಜನವರಿ 15ರ ಜ್ವಾಲಾಮುಖಿಗೆ ಟೊಂಗಾದ ಕೇಬಲ್ ತುಂಡಾಗಿ ಹೊರಜಗತ್ತಿನ ಸಂಪರ್ಕ ಸರಿಯಾಗಲು ಐದು ವಾರ ಬೇಕಾಯಿತು. ಒಳದ್ವೀಪಗಳ ಕೇಬಲಿಗೆ ಒಂದೂವರೆ ವರ್ಷ. ರಿಪೇರಿ ಹಡಗು ದೂರದ ಪಪುವಾ ನ್ಯೂಗಿನಿಯಿಂದ ಬರಬೇಕಿತ್ತು. ಒಂದೇ ಕೇಬಲ್ ನಂಬಿ ಆನ್‌ಲೈನ್ ಸೇವೆ ಮಾರುತ್ತೇವೆ ಅನ್ನುವ ಯೋಜನೆಗೆ ಉಪಗ್ರಹದ ಬದಲಿ ವ್ಯವಸ್ಥೆಯ ಖರ್ಚನ್ನೂ ಸೇರಿಸಿ ನೋಡಿ, ಆಮೇಲೆ ಲಾಭ ಹೇಳಿ.

ಸಮಯ ಉಳಿದರೆ ಸೆಶೆಲ್ಸ್ ನೀಲಿ ಬಾಂಡ್ (ಸಮುದ್ರ, ಮೀನುಗಾರಿಕೆಯ ಕೆಲಸಕ್ಕೆ ಅಂತ ಎತ್ತಿದ ಸಾಲಪತ್ರ) ಸೇರಿಸಿ. 2018, 1.5 ಕೋಟಿ ಡಾಲರ್, 10 ವರ್ಷ. ಬಡ್ಡಿ ಶೇ. 6.5 ಇದ್ದದ್ದು ವಿಶ್ವಬ್ಯಾಂಕಿನ ಖಾತರಿ ಮತ್ತು ರಿಯಾಯಿತಿ ಸಾಲದಿಂದ ಸರ್ಕಾರಕ್ಕೆ ಶೇ. 2.8ಕ್ಕೆ ಬಿತ್ತು. ಪೂರ್ತಿ ಅಸಲಿನ ಮೇಲೆ ಹಿಡಿದರೆ ವರ್ಷಕ್ಕೆ 5.55 ಲಕ್ಷ ಡಾಲರ್ ಉಳಿತಾಯ. ಇಷ್ಟು ಚಿಕ್ಕ ಬಾಂಡಿಗೂ ವಕೀಲರು, ದಾಖಲೆ, ಮಾತುಕತೆಯ ಖರ್ಚು ದೊಡ್ಡ ಬಾಂಡಿನಷ್ಟೇ ತಗಲುತ್ತೆ. ಖಾತರಿ ಇಲ್ಲದೆ ಇನ್ನೊಂದು ದ್ವೀಪ ಇದನ್ನೇ ನಕಲು ಮಾಡಿದರೆ ಗಿಟ್ಟುವುದಿಲ್ಲ.

ಹಗರಿ ಹೊಳೆ:

ಎಲ್ಲ ಬರೆದುಕೊಂಡೆ. ಅಂಗುಯಿಲಾ 2023ರ ಆದಾಯ ಒಂದು ಕಡೆ 8.7 ಕೋಟಿ ಅಂತಿದೆ, ಕಿನ್ನಾಳ ಗೊಂಬಿ ಅವರು 3.2 ಕೋಟಿ ಅಂದಿದ್ದಾರೆ. ಯಾವುದು ಸರಿ?

ಕಿನ್ನಾಳ ಗೊಂಬಿ:

ಎರಡೂ ಸರಿ ಅದಾವ್ರೀ. 8.7 ಕೋಟಿ ಪೂರ್ವ ಕೆರಿಬಿಯನ್ ಡಾಲರ್, 3.2 ಅಮೆರಿಕನ್ ಡಾಲರ್. 1976ರಿಂದ ಒಂದು ಅಮೆರಿಕನ್ ಡಾಲರಿಗೆ 2.70 ಅಂತ ಕಟ್ಟಿಟ್ಟಾರ. 8.7ನ್ನ 2.7ರಿಂದ ಭಾಗಿಸ್ರಿ, ಕೂಡತೈತಿ. ಸ್ಲೈಡಿನಾಗ ಎಲ್ಲಾ ಅಂಕಿ ಒಂದೇ ನಾಣ್ಯಕ್ಕ ತರ್ರಿ, ಟುವಾಲು ಟ್ರಸ್ಟ್ ಫಂಡಿಂದು ಆಸ್ಟ್ರೇಲಿಯನ್ ಡಾಲರ್ ಬ್ಯಾರೆ ಐತಿ.